ಐದು ಎಪಿಸೋಡ್ ಅವರ ಜೊತೆ ಓಡಿದೆ, ಆರನೇದರಲ್ಲಿ ಎಡವಿಬಿದ್ದೆ: ‘ಎಸ್ಕೇಪ್ ಆಟ್ ಡ್ಯಾನಮೋರಾ’ (ಸ್ಪಾಯ್ಲರ್ ಇದೆ)

ಕಾಫಿಪುಡಿ:
ನೋಡದೇ ಇರೋರು ಇಲ್ಲಿಂದಲೇ ವಾಪಸ್ ಹೋಗಿ, ಆಮೇಲೆ ಬಯ್ಯಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿ ಹತ್ತಿರ, ಡ್ಯಾನಮೋರಾ ಅಂತ ಒಂದು ಹಳ್ಳಿ. ಊರಿನ ನಡುವೆಯೇ ಕ್ಲಿಂಟನ್ ಜೈಲು. 1845ರದ್ದು, ಚಳಿಗೆ ‘ಲಿಟಲ್ ಸೈಬೀರಿಯಾ’ ಅಂತಲೇ ಅಡ್ಡಹೆಸರು. 2015ರ ಜೂನ್ 6ರ ಬೆಳಗ್ಗೆ ಐದೂವರೆಗೆ ಕೈದಿಗಳ ಎಣಿಕೆಗೆ ಬಂದರೆ ಪಕ್ಕಪಕ್ಕದ ಎರಡು ಸೆಲ್‌ಗಳ ಹಾಸಿಗೆಯಲ್ಲಿ ಮನುಷ್ಯರ ಬದಲು ಬಟ್ಟೆ ಗಂಟು ಮಲಗಿತ್ತು. ರಿಚರ್ಡ್ ಮ್ಯಾಟ್, ಡೇವಿಡ್ ಸ್ವೆಟ್ ಇಬ್ಬರೂ ಗೋಡೆ ಕೊರೆದು, ಸ್ಟೀಮ್ ಪೈಪ್ ಒಳಗೆ ತೆವಳಿ, ಬೀದಿಯ ಮ್ಯಾನ್‌ಹೋಲಿಂದ ಎದ್ದು ಹೋಗಿದ್ದರು. ಆ ಜೈಲಿನ ಹೊಲಿಗೆ ವಿಭಾಗದಲ್ಲಿ ಕೆಲಸ ಮಾಡ್ತಿದ್ದ ಜಾಯ್ಸ್ ಮಿಚೆಲ್ ಅನ್ನೋ ಹೆಂಗಸು ಸಹಾಯ ಮಾಡಿದ್ದಳು. ಇದನ್ನೇ ಬೆನ್ ಸ್ಟಿಲ್ಲರ್ ಏಳು ಎಪಿಸೋಡಿನ ಸೀರಿಯಲ್ ಮಾಡಿದಾನೆ, 2018ರ ನವೆಂಬರಲ್ಲಿ ಬಂತು. ನಗಿಸೋ ಸ್ಟಿಲ್ಲರ್ ಅಂತ ಹೋದರೆ ಒಂದು ಸಲವೂ ನಗಿಸಲ್ಲ.

ಈಗ ನನ್ನ ಸಂಕಟ. ಐದನೇ ಎಪಿಸೋಡಿನ ಶುರುವಲ್ಲೇ ಒಂದು ಶಾಟ್ ಇದೆ, ಸುಮಾರು ಒಂಬತ್ತು ನಿಮಿಷ, ಕಟ್ ಕಾಣಿಸೋದೇ ಇಲ್ಲ. ಸ್ವೆಟ್ ತನ್ನ ಸೆಲ್ಲಿನ ಹಿಂಗೋಡೆಯಿಂದ ನುಸುಳಿ, ಸೆಲ್ಲುಗಳ ಹಿಂದಿನ ಕ್ಯಾಟ್‌ವಾಕ್ (ಓಡಾಡೋ ಕಿರುದಾರಿ) ಇಳಿದು, ಸುರಂಗ, ಪೈಪು, ಮತ್ತೆ ಸುರಂಗ, ಕೊನೆಗೆ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಹೊರಗಿನ ಗಾಳಿ ಕುಡೀತಾನೆ. ರಿಹರ್ಸಲ್ ಅದು. ನಾನು ಸೋಫಾದ ಮೇಲೆ ಕಾಲು ಮುದುರಿಕೊಂಡು ಕೂತಿದ್ದೆ, ಪೈಪ್ ಒಳಗೆ ನಾನೇ ಇದ್ದ ಹಾಗೆ. “ಬೇಗ ಬಾರೋ, ಬೇಗ ಬಾರೋ” ಅಂತ ಬಾಯಲ್ಲಿ ಬಂತು. ಹೆಂಡತಿ ಅಡುಗೆಮನೆಯಿಂದ “ಯಾರಿಗೆ ಕರೀತಿದೀರಿ” ಅಂದಳು.

ಎಪಿಸೋಡ್ ಮುಗಿಯೋ ಹೊತ್ತಿಗೆ ಇಬ್ಬರೂ ಹೊರಗೆ, ಕಾರು ತರಬೇಕಿದ್ದ ಟಿಲ್ಲಿ (ಜಾಯ್ಸ್‌ಗೆ ಎಲ್ಲರೂ ಕರೆಯೋ ಹೆಸರು) ನಾಪತ್ತೆ. ಸರಿ, ಆರನೇದರಲ್ಲಿ ಕಾಡು, ನಾಯಿ, ಹೆಲಿಕಾಪ್ಟರ್ ಅಂತ ಚಿಪ್ಸ್ ಪ್ಯಾಕೆಟ್ ಒಡೆದು ಕೂತೆ. ಬಂದಿದ್ದೇನು? 2002ರ ಜುಲೈ 4. ಕೆವಿನ್ ಟಾರ್ಸಿಯಾ ಅನ್ನೋ ಡೆಪ್ಯುಟಿ ಶೆರಿಫ್ ರಾತ್ರಿ ಪಾಳಿಯಲ್ಲಿ ಪಾರ್ಕಿನ ಹತ್ತಿರ ಗಾಡಿ ನಿಲ್ಲಿಸ್ತಾನೆ. ಅಲ್ಲಿ ಸ್ವೆಟ್ ಮತ್ತವನ ಜೊತೆಗಾರರು ಕದ್ದ ಬಂದೂಕು ಇಟ್ಕೊಂಡು ನಿಂತಿದಾರೆ. ಗುಂಡು ಹೊಡೆದು ಸಾಲದು ಅಂತ ಕಾರು ಹತ್ತಿಸ್ತಾರೆ. ಆಮೇಲೆ 1997ರ ಮ್ಯಾಟ್. ತನಗೆ ಕೆಲಸ ಕೊಟ್ಟಿದ್ದ ವಿಲಿಯಂ ರಿಕರ್ಸನ್, 76 ವರ್ಷದ ಮುದುಕ, ಅವನನ್ನ ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ಸುತ್ತಾಡಿಸ್ತಾನೆ. ಮುಂದಿನದು ನಾನು ಬರೆಯಲ್ಲ.

ಚಿಪ್ಸ್ ಹಾಗೇ ಉಳೀತು. ಟಿವಿ ಆರಿಸಿ ಬಾಲ್ಕನಿಗೆ ಹೋಗಿ ನಿಂತೆ. ಐದು ಗಂಟೆ ಕಾಲ ನಾನು ಯಾರಿಗೆ “ಬೇಗ ಬಾರೋ” ಅಂತಿದ್ದೆ? ಇದು ನಿರ್ದೇಶಕನ ಮೋಸವೋ ನಿಯತ್ತೋ, ನೀವು ಹೇಳಿ.

ಕಡ್ಲಕರೆಯವ:
ಮೋಸವೇ ಮಾರಾಯ್ರೆ, ಅದರಲ್ಲಿ ಸಂಶಯವೇ ಇಲ್ಲ. ಐದು ಗಂಟೆ ಮುಚ್ಚಿಟ್ಟು ಆರನೆಯದರಲ್ಲಿ ಸೀರೆ ಸೆರಗು ಎಳೆದ ಹಾಗೆ ಎಳೆಯುವುದು. ಮೊದಲ ಎಪಿಸೋಡಿನ ಮೊದಲ ದೃಶ್ಯವೇ ಟಿಲ್ಲಿ ಸಿಕ್ಕಿಬಿದ್ದ ಮೇಲಿನದ್ದು, ಇನ್‌ಸ್ಪೆಕ್ಟರ್ ಜನರಲ್ ಎದುರು ಕೈದಿಯ ಬಟ್ಟೆಯಲ್ಲಿ ಕೂತಿದ್ದಾಳೆ. ಅಂದರೆ ಕೊನೆ ಏನೆಂದು ಶುರುವಿನಲ್ಲೇ ಹೇಳಿ ಆಯಿತು. ಕೊನೆ ಹೇಳಲಿಕ್ಕೆ ಅಡ್ಡಿಯಿಲ್ಲ, ಮೊದಲು ಹೇಳಲಿಕ್ಕೆ ಮಾತ್ರ ಅಡ್ಡಿ! ಅದೊಂದು ಕಸರತ್ತು ಅಷ್ಟೆ. ನನಗೆ ಸಿಟ್ಟು ಬಂತು, ಬೇಸರ ಬರಲಿಲ್ಲ.

ಕಾಫಿಪುಡಿ:
ಮ್ಯಾಕ್ಸಿಮಮ್ ಸೆಕ್ಯುರಿಟಿ ಜೈಲು ಸಾರ್. ಕೋಳಿ ಕದ್ದು ಬಂದವರಲ್ಲ ಅಂತ ನಮಗೆ ಗೊತ್ತಿರಲಿಲ್ವಾ? ಮುಚ್ಚಿಟ್ಟಿದ್ದು ಅವನಲ್ಲ, ಕೇಳದೇ ಇದ್ದದ್ದು ನಾವು. ನಟ ಡೆಲ್ ಟೋರೋ ಮ್ಯಾಟ್ ಆಗಿ ಸುಮ್ನೆ ಕುರ್ಚಿ ಎಳ್ಕೊಂಡು ಕೂತರೂ ಅವನ ಕಡೆಗೇ ನೋಡ್ತಾ ಇರ್ತೀವಿ, ಕೇಳೋದು ಮರೆತುಹೋಗುತ್ತೆ.

ಬಾಯ್ಲರ್ ಬಸಣ್ಣ:
ನೈತಿಕತೆ ನೀವು ಮಾತಾಡ್ಕಳಿ, ನಾನು ಪೈಪಿಗೆ ಬತ್ತೀನಿ. ಮಂಡ್ಯ ಕಡೆ ಸಕ್ಕರೆ ಕಾರ್ಖಾನೇಲಿ ಮೇಂಟೆನೆನ್ಸ್‌ನಲ್ಲಿ ಹನ್ನೊಂದು ವರ್ಷ ಇದ್ದೆ.

ಅದು 24 ಇಂಚಿನ ಪೈಪು, ಅಂದ್ರೆ ಎರಡಡಿ ಅಗಲ. ಮನುಸ ತೆವಳ್ಕಂಡು ಹೋಗ್ಬೋದು, ಆದ್ರೆ ಮೊಣಕೈ ಮಡಚಂಗಿಲ್ಲ. ಸ್ಟೀಮ್ ಲೈನ್ ಚಾಲೂ ಇದ್ರೆ ಹತ್ರಕ್ಕೂ ಹೋಗಂಗಿಲ್ಲ, ಲ್ಯಾಗಿಂಗ್ (ಬಿಸಿ ತಡಿಯಕ್ಕೆ ಪೈಪಿಗೆ ಸುತ್ತಿರೋ ಹೊದಿಕೆ) ಮೇಲೆ ಕೈ ಇಟ್ರೂ ಬಿಸಿ ತಾಕ್ತದೆ. ಅಲ್ಲಿ ಚಳಿಗಾಲ ಮುಗುದು ಹೀಟಿಂಗ್ ಆಫ್ ಮಾಡಿದ್ರು, ಪೈಪು ತಣ್ಣಗಾಯ್ತು, ಅದುಕ್ಕೇ ಅವರಿಗೆ ದಾರಿ ಆಯ್ತು. ಅದುಕ್ ಮುಂಚೆ ಗೋಡೆಗೆ ಸುತ್ತಿಗೆ ಹಾಕಿ ಹಾಕಿ ಸುಸ್ತಾಗಿದ್ರು. ಗೋಡೆ ಒಡಿಯೋದು ಬುಟ್ಟು, ಗೋಡೆ ತೂರ್ಕಂಡ್ ಹೋಗಿರೋ ಪೈಪನ್ನೇ ಕುಯ್ಯದು ಅಂತ ಹೊಳೀತಲ್ಲ, ಅದು ಫಿಟ್ಟರ್ ತಲೆ ಕಣ್ರೀ. ಕೆಟ್ಟೋನೇ ಇರ್ಬೋದು, ತಲೆ ಫಿಟ್ಟರ್‌ದೇ.

ಸೀರಿಯಲ್‌ನಲ್ಲಿ ಒಂದು ಸರಿಯಾಗಿ ತೋರ್ಸವ್ರೆ. ಗುಂಡಗಿರೋ ದೊಡ್ಡ ಪೈಪಿಗೆ ಫ್ರೇಮ್ ಹಾಕಿ ಹ್ಯಾಕ್ಸಾ (ಕಬ್ಬಿಣ ಕುಯ್ಯೋ ಗರಗಸ) ಹಿಡುದ್ರೆ ಫ್ರೇಮೇ ಪೈಪಿಗೆ ಬಡೀತದೆ, ಒಳಕ್ಕೆ ಇಳಿಯಲ್ಲ. ಬರೀ ಬ್ಲೇಡಿಗೆ ಬಟ್ಟೆ ಸುತ್ಕಂಡು ಅಂಗುಲ ಅಂಗುಲ ಎಳೀಬೇಕು. ಒಂದ್ಸಲ ರಿಪೇರಿಗೆ ಅಂತ ಹಂಗೆ ಕೆಲಸ ಮಾಡಿದ್ದೆ, ಕಾಲು ಗಂಟೇಗೆ ಹೆಬ್ಬೆಟ್ಟಿನ ಬುಡ ಬೊಬ್ಬೆ ಎದ್ದಿತ್ತು. ಇವ್ರು ಪೈಪಿಗೆ ಹೋಗಕ್ಕೊಂದು ತೂತು, ಈಚೆ ಬರಕ್ಕೊಂದು ತೂತು ಕುಯ್ದವ್ರೆ. ಪೈಪಿನ ಮೇಲೆ ಒಂದು ಹಳದಿ ಚೀಟಿ ಅಂಟ್ಸಿ ‘ಹ್ಯಾವ್ ಎ ನೈಸ್ ಡೇ’ ಅಂತ ಬೇರೆ ಬರ್ದವ್ರೆ. ಕೊಬ್ಬು ನೋಡಿ.

ಫೀಡಿಂಗ್ ಟೈಮ್:
ನನಗೆ ಈ ಕಥೆ ಗೊತ್ತಾಗಿದ್ದೇ ಮಾಂಸದಿಂದ. ಹ್ಯಾಕ್ಸಾ ಬ್ಲೇಡನ್ನ ಕೀಮಾ ಒಳಗೆ ಇಟ್ಟು ಫ್ರೀಜ್ ಮಾಡಿ ಟಿಲ್ಲಿ ಒಳಗೆ ತಂದಳಂತೆ, ಜೀನ್ ಪಾಮರ್ ಅನ್ನೋ ಗಾರ್ಡು ಅದನ್ನ ಮೆಟಲ್ ಡಿಟೆಕ್ಟರ್‌ಗೆ ಹಾಕದೇ ಸೆಲ್ಲಿಗೆ ಮುಟ್ಟಿಸಿದನಂತೆ. ಬೇರೆ ಸೀರಿಯಲ್‌ನಲ್ಲಿ ಎಂಜಿನಿಯರ್ ಮೈಮೇಲೆ ಜೈಲಿನ ನಕ್ಷೆ ಹಚ್ಚೆ ಹಾಕಿಸ್ಕೊಂಡು ಬರ್ತಾನೆ, ಹಾಸ್ಟೆಲ್ಲಲ್ಲಿ ಪೆನ್‌ಡ್ರೈವ್ ಪೆನ್‌ಡ್ರೈವ್ ಹಂಚ್ಕೊಂಡು ನೋಡಿದ್ವಿ. ನಿಜದಲ್ಲಿ ಬೇಕಾಗಿದ್ದು ಅರ್ಧ ಕೆಜಿ ಕೀಮಾ ಮತ್ತು ಚೆಕ್ ಮಾಡೋಕೆ ಸೋಮಾರಿತನ.

ಓವರ್‌ಲಾಕ್ ಓಬಮ್ಮ:
ಇಷ್ಟು ಜನ ಮಾತಾಡಿದ್ರಿ, ಟಿಲ್ಲಿ ಬಗ್ಗೆ ಒಬ್ಬರೂ ಸರಿಯಾಗಿ ಬಾಯಿ ಬಿಟ್ಟಿಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ, ಅದರಲ್ಲಿ ಆರು ವರ್ಷ ಲೈನ್ ಸೂಪರ್‌ವೈಸರ್. ಆ ಹೊಲಿಗೆ ಫ್ಲೋರ್ ನೋಡಿದ ಕೂಡಲೇ ನನಗೆ ಎಣ್ಣೆ ಮತ್ತೆ ಬಟ್ಟೆ ಧೂಳಿನ ವಾಸನೆ ಬಂತು. ಸಾಲು ಮಷೀನು, ಮೇಲೆ ಟ್ಯೂಬ್‌ಲೈಟು, ಒಂದೇ ಸೀಮ್ ದಿನವಿಡೀ. ಟಾರ್ಗೆಟ್ ಬಂದಿಲ್ಲ ಅಂದ್ರೆ ಮೇಲಿನವರು ಅವಳನ್ನ ಕೇಳ್ತಾರೆ, ಅವಳು ಇವರನ್ನ ಕೇಳ್ಬೇಕು. ಫ್ಲೋರಿನಲ್ಲಿ ಕೆಲಸ ಬಲ್ಲವನು ಒಬ್ಬ ಇದ್ದರೆ, ಅವನು ಮಷೀನ್ ರಿಪೇರಿನೂ ಮಾಡ್ತಾನೆ, ಪೀಸೂ ಕೊಡ್ತಾನೆ ಅಂದ್ರೆ, ಸೂಪರ್‌ವೈಸರ್ ಅವನನ್ನ ತಲೆ ಮೇಲೆ ಕೂರಿಸ್ಕೋತಾಳೆ. ಸಲಿಗೆ ಅಲ್ಲಿಂದ ಶುರು.

ಗಂಡ ಲೈಲ್ ಅದೇ ಜೈಲಿನಲ್ಲಿ ಕೆಲಸ. ಮನೆಯಲ್ಲೂ ಅದೇ ಮುಖ, ಕಾರಿನಲ್ಲೂ ಅದೇ ಮುಖ. ಮ್ಯಾಟ್ ಅವಳ ಮೂರು ಮಕ್ಕಳ ಚಿತ್ರ ಬಿಡಿಸಿಕೊಟ್ಟಿದ್ದ, ಅವಳು ಅದನ್ನ ಮದುವೆ ವಾರ್ಷಿಕೋತ್ಸವಕ್ಕೆ ಗಂಡನಿಗೇ ಕೊಟ್ಟಳು! ಇದು ನಿಜವಾಗಿ ನಡೆದಿದ್ದು. ಇದಕ್ಕಿಂತ ಹೆಚ್ಚು ಏನು ಬರೀತೀರಾ ಸ್ಕ್ರಿಪ್ಟಿನಲ್ಲಿ.

ನನ್ನ ತಕರಾರು ಆರನೇ ಎಪಿಸೋಡಿನದ್ದೇ. ಒಬ್ಬ ಪೊಲೀಸನನ್ನ ಕೊಂದ, ಇನ್ನೊಬ್ಬ ಮುದುಕನ ಕತ್ತು ಮುರಿದ. ಅದರ ಪಕ್ಕದಲ್ಲಿ ಮೂರನೇ ‘ಅಪರಾಧ’ ಏನು ಇಟ್ಟಿದಾನೆ? ಟಿಲ್ಲಿ ಮೊದಲ ಗಂಡನನ್ನ ಬಿಟ್ಟು ಲೈಲ್ ಜೊತೆ ಹೋಗಿದ್ದು. ಒಂದೇ ತಕ್ಕಡಿಯಲ್ಲಿ ಮೂರನ್ನೂ ತೂಗ್ತಾರೇನ್ರೀ? ಆ ಪಾರ್ಟ್ ಬಂದಾಗ ನಾನು ಫೋನ್ ಎಸೆಯೋದೊಂದು ಬಾಕಿ.

ಕಾಫಿಪುಡಿ:
ಅಕ್ಕಾ, ಅದು ನನಗೆ ಹೊಳೆದೇ ಇರಲಿಲ್ಲ. ಆ ಭಾಗ ಬರೋ ಹೊತ್ತಿಗೆ ನಾನು ಬಾಲ್ಕನಿಯಲ್ಲಿದ್ದೆ, ಆಮೇಲೆ ಅರ್ಧಂಬರ್ಧ ನೋಡಿದೆ. ಆದರೂ ನಾನು ಸ್ವಲ್ಪ ಬೇರೆ ಥರ ತಗೊಂಡೆ. ಮೂರು ಜನರದ್ದೂ ಒಂದೇ ಗುಣ: ಕಟ್ಟಿಕೊಂಡ ಜೀವನ ಬೇಜಾರಾದ ತಕ್ಷಣ ಇನ್ನೊಬ್ಬರ ಮೇಲೆ ಕಾಲಿಟ್ಟು ಆಚೆ ಹೋಗೋದು. ಸಮ ಅಂತ ಹೇಳ್ತಿಲ್ಲ, ಜಾತಿ ಒಂದೇ ಅಂತಿದಾನೆ.

ಓವರ್‌ಲಾಕ್ ಓಬಮ್ಮ:
ಕಾಲಿಟ್ಟು ಹೋಗೋದು ಬೇರೆ, ಕಾರು ಹತ್ತಿಸೋದು ಬೇರೆ ತಮ್ಮಾ. ನಾನೇನು ಅವಳ ವಕೀಲಳಲ್ಲ. ಬ್ಲೇಡ್ ಕೊಟ್ಟಿದ್ದು ಕೊಟ್ಟಿದ್ದೇ. ತಪ್ಪೊಪ್ಪಿಕೊಂಡಳು, 2 ವರ್ಷ 4 ತಿಂಗಳಿಂದ 7 ವರ್ಷದ ಶಿಕ್ಷೆ ಆಯ್ತು, 2020ರಲ್ಲಿ ಬಿಡುಗಡೆ ಆದಳು. ಸೀರಿಯಲ್‌ನಲ್ಲಿ ತೋರಿಸಿದ ಮೈ ಸಂಬಂಧದ ಕಥೆ ಸುಳ್ಳು ಅಂತ ಜೈಲಿಂದಲೇ ಹೇಳಿ ಸ್ಟಿಲ್ಲರ್‌ಗೆ ಬಯ್ದಿದ್ದಳು. ಪೆಟ್ರೀಷಿಯಾ ಆರ್ಕೆಟ್‌ಗೆ ಅದೇ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಬಂತು. ನಟನೆ ಬಗ್ಗೆ ಎರಡು ಮಾತಿಲ್ಲ, ಆ ದುಡುಕು, ಆ ಮುನಿಸು, ಕನ್ನಡಕ ಮೇಲೆತ್ತೋದು, ನಮ್ಮ ಫ್ಲೋರಲ್ಲೇ ಇದ್ದವಳ ಥರ.

ವಾರ್ಡರ್ ಮಗ:
ಬೆಳಗಾವಿ ಕಡೆಯವ ನಾ. ನಮ್ಮ ಅಪ್ಪಾರು ಜೇಲಿನ್ಯಾಗ ವಾರ್ಡರ್ ಇದ್ರು, ರಿಟೈರ್ ಆಗಿ ಒಂಬತ್ತು ವರ್ಷ ಆತು. ಯಾವ ಜೇಲ್ ಅಂತ ಕೇಳಬ್ಯಾಡ್ರಿ.

ಕಡ್ಲಕರೆಯವರ ಮಾತು ನಂಗ ಒಪ್ಪಿಗಿಲ್ಲ. ಜೇಲಿನ್ಯಾಗ ಕೆಲಸಾ ಮಾಡೋ ಮಂದಿ ಹೆಂಗ ಬದುಕತಾರ ಅನ್ನೋದನ್ನ ಈ ಸೀರಿಯಲ್ ಭಾಳ ಸರಿ ತೋರಿಸೇದ. ಒಳಗಿನ ಮನಶ್ಯಾ ಏನ್ ಮಾಡಿ ಬಂದಾನ ಅಂತ ದಿನಾ ನೆನಸಿದ್ರ ಡ್ಯೂಟಿ ಮಾಡಾಕ ಆಗೂದಿಲ್ಲ. ಅಪ್ಪಾರು ಹೇಳ್ತಿದ್ರು, “ಹೊಸದಾಗಿ ಬಂದಾಗ ಎಲ್ಲಾರ ಕೇಸೂ ಓದ್ತಿದ್ದೆ, ಆಮ್ಯಾಲ ಬಿಟ್ಟೆ. ಓದಿದ ದಿನ ಊಟ ಹೋಗತಿರ್ಲಿಲ್ಲ.” ಅಂದ್ರ ಮರೀಬೇಕಾಗ್ತದ. ಮರತ್ರ ಸಲಿಗಿ ಬೆಳೀತದ. ಸಲಿಗಿ ಬೆಳದ್ರ ಪಾಮರ್ ಆಗ್ತಾನ. ಮ್ಯಾಟ್ ಚಿತ್ರಾ ತಗದು ಕೊಡ್ತಿದ್ದ, ಪಾಮರ್ ಅವಗ ಅದೂ ಇದೂ ತಂದು ಕೊಡ್ತಿದ್ದ, ಒಂದ ದಿನ ಕೀಮಾನೂ ಒಯ್ದು ಕೊಟ್ಟ. ಆರು ತಿಂಗಳ ಶಿಕ್ಷಾ ಆತು ಅವಗ. ಡೇವಿಡ್ ಮೋರ್ಸ್ ಆ ಪಾತ್ರಾ ಮಾಡ್ಯಾನ, ನೋಡ್ರಿ, ಎಲ್ಲೂ ಲಫಂಗನಂಗ ಕಾಣೂದಿಲ್ಲ. ಮುಪ್ಪಾದ, ದಣದ ಮನಶ್ಯಾ.

ಅದಕ್ಕ ಆರನೇ ಎಪಿಸೋಡ್ ಆರನೇದಾಗೇ ಇರಬೇಕ್ರಿ. ಮೊದಲನೇದ್ರಾಗ ಹಾಕಿದ್ದ್ರ ನಾವು ಪೊಲೀಸರಂಗ ನೋಡ್ತಿದ್ವಿ. ಐದು ಎಪಿಸೋಡ್ ನಾವೂ ಪಾಮರ್ ಆಗಿದ್ವಿ, ಟಿಲ್ಲಿ ಆಗಿದ್ವಿ.

ಕಡ್ಲಕರೆಯವ:
ಇದು ಒಳ್ಳೆ ಮಾತು. ಒಪ್ಪಿದೆ ಎಂದಲ್ಲ, ಒಳ್ಳೆ ಮಾತು.

ಮಾಂಟ್ರಿಯಲ್ ಮಾವ:
ಈ ಚರ್ಚೆ ಕಂಡು ಹತ್ತು ವರ್ಷದ ಹಿಂದಿನದು ನೆನಪಾಯ್ತು. ಮೂಲ ತುಮಕೂರು, ಈಗ ಮಾಂಟ್ರಿಯಲ್‌ನಲ್ಲಿ. ನಮ್ಮಿಂದ ಗಡಿ ದಾಟಿದರೆ ಪ್ಲಾಟ್ಸ್‌ಬರ್ಗ್, ಅದರ ಪಕ್ಕದಲ್ಲೇ ಡ್ಯಾನಮೋರಾ. 2015ರ ಜೂನ್ ಮಧ್ಯದಲ್ಲಿ ಆಲ್ಬನಿಯಲ್ಲಿದ್ದ ಭಾವಮೈದುನನ ಮನೆಗೆ ಉಪನಯನಕ್ಕೆ ಕಾರಿನಲ್ಲಿ ಹೊರಟಿದ್ದೆವು. ಹಿಂದೆ ಡಿಕ್ಕಿಯಲ್ಲಿ ಹಪ್ಪಳ, ಎರಡು ಡಬ್ಬ ಪುಳಿಯೋಗರೆ ಗೊಜ್ಜು, ಒಂದು ಸ್ಟೀಲ್ ಕೊಳಗ.

ಒಂದು ಕಡೆ ರಸ್ತೆಯಲ್ಲಿ ತಡೆದರು. ಕೈಯಲ್ಲಿ ಉದ್ದ ಬಂದೂಕು, ಪಕ್ಕದಲ್ಲಿ ನಾಯಿ. ಡಿಕ್ಕಿ ತೆಗೆಯಿರಿ ಅಂದರು, ತೆಗೆದೆ. ಆತ ಕೊಳಗದ ಮುಚ್ಚಳ ಎತ್ತಿ ಒಳಗೆ ಟಾರ್ಚ್ ಬಿಟ್ಟ. ಕೊಳಗದಲ್ಲಿ ಮನುಷ್ಯ ಇರ್ತಾನೆಯೇ? ಆದರೆ ಆತನ ಮುಖದಲ್ಲಿ ನಗು ಇರಲಿಲ್ಲ, ನಿದ್ದೆಗೆಟ್ಟ ಕಣ್ಣು. ಆಗ ಸಾವಿರಕ್ಕೂ ಹೆಚ್ಚು ಜನ ಕಾಡಿನಲ್ಲಿ ಹುಡುಕುತ್ತಿದ್ದರು. ಜೂನ್ ಆದ್ದರಿಂದ ಸೊಳ್ಳೆ, ಕರಿನೊಣ, ಮಳೆ. ಮನೆಗಳ ಮುಂದೆ ಹೊರದೀಪ ಹಗಲೂ ಉರಿಯುತ್ತಿತ್ತು. ವಾಪಸ್ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಹೆಂಗಸೊಬ್ಬಳು ತನ್ನ ಮನೆಯ ಶೆಡ್ಡಿಗೆ ಎರಡು ವಾರದಿಂದ ಹೋಗಿಲ್ಲ ಅಂತ ನನ್ನ ಹೆಂಡತಿಯ ಹತ್ತಿರ ಹೇಳಿದಳು.

ಜೂನ್ 26ಕ್ಕೆ ಮ್ಯಾಟ್‌ನನ್ನ ಮಲೋನ್ ಹತ್ತಿರ ಗುಂಡಿಟ್ಟು ಕೊಂದರು. 28ಕ್ಕೆ ಸ್ವೆಟ್ ಗಡಿಗೆ ಎರಡು ಮೈಲಿಯೊಳಗೆ ಬಂದಿದ್ದ. ಒಬ್ಬನೇ ಗಸ್ತಿನಲ್ಲಿದ್ದ ಸಾರ್ಜೆಂಟ್ ಜೇ ಕುಕ್ ಅವನನ್ನ ನೋಡಿ, ಓಡಿದಾಗ ಎರಡು ಗುಂಡು ಹೊಡೆದು ಹಿಡಿದ. 23 ದಿನ. ಇನ್ನೆರಡು ಮೈಲಿ ನಡೆದಿದ್ದರೆ ನಮ್ಮ ಕಡೆ.

ಸೀರಿಯಲ್ ನಾನು ನೋಡಿಲ್ಲ. ಹೆಂಡತಿ ನೋಡಬೇಡಿ ಅಂದಿದ್ದಾಳೆ.

ಬೊಮ್ಮನಹಳ್ಳಿ ಪಿಜಿ 2013:
ಮಾವನವರ ಪೋಸ್ಟ್ ಓದಿ ಮೈ ಜುಂ ಅಂತು. ನನ್ನ ಹೆಸರೇ ಉತ್ತರ. 2013ರ ಸೆಪ್ಟೆಂಬರ್ ಶುರುವಲ್ಲಿ ಪರಪ್ಪನ ಅಗ್ರಹಾರದಿಂದ ಜೈಶಂಕರ್ ತಪ್ಪಿಸ್ಕೊಂಡ. ಅವನ ಮೇಲೆ ಅತ್ಯಾಚಾರ, ಕೊಲೆ ಕೇಸುಗಳು. ನಾವು ಪಿಜಿಯಲ್ಲಿ ಹನ್ನೆರಡು ಹುಡುಗೀರು. ಬಾಗಿಲ ಚಿಲಕ ಸಡಿಲ ಇತ್ತು, ಓನರ್ ಆಂಟಿಗೆ ತಿಂಗಳಿಂದ ಹೇಳ್ತಿದ್ವಿ. ಆ ವಾರ ರಾತ್ರಿ ಬಾಗಿಲ ಹಿಂದೆ ನೀರು ತುಂಬಿದ ಬಕೆಟ್, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟು ಮಲಗ್ತಿದ್ವಿ, ತಳ್ಳಿದ್ರೆ ಸದ್ದಾಗ್ಲಿ ಅಂತ. ಒಂದಿನ ಬೆಳಗ್ಗೆ ನಾಲ್ಕಕ್ಕೆ ಶಿಫ್ಟ್ ಮುಗಿಸಿ ಬಂದ ನಮ್ಮ ರೂಮ್‌ಮೇಟೇ ತಳ್ಳಿಬಿಟ್ಟಳು. ಹನ್ನೊಂದು ಜನ ಕಿರುಚಿದ್ವಿ.

ಆರನೇ ತಾರೀಕು ಕೂಡ್ಲು ಗೇಟ್ ಹತ್ತಿರ ಸಿಕ್ಕ. ಗೋಡೆ ಹಾರುವಾಗ ಕಾಲು ಮುರ್ಕೊಂಡಿದ್ದ. ಕೂಡ್ಲು ಗೇಟ್ ನಮಗೆ ಎಷ್ಟು ದೂರ ಅಂತ ಬೆಂಗಳೂರಿನವರಿಗೆ ಗೊತ್ತು.

ಆ ಐದು ದಿನ ಯಾರಾದ್ರೂ ಅವನಿಗೆ “ಬೇಗ ಬಾರೋ” ಅಂದ್ರಾ? ಕ್ಯಾಮೆರಾ ಅವನ ಹಿಂದೆ ಇದ್ದಿದ್ರೆ ಅಂತಿದ್ರಿ. ಅದಕ್ಕೇ ನನಗೆ ಐದನೇ ಎಪಿಸೋಡ್ ನೋಡಕ್ಕಾಗ್ಲಿಲ್ಲ, ಆರನೇದು ನೋಡಿದೆ. ಎಲ್ಲರೂ ಉಲ್ಟಾ ಹೇಳ್ತಿದೀರಿ.

ಫೀಡಿಂಗ್ ಟೈಮ್:
ಮೇಲೆ ಕೀಮಾ ಜೋಕ್ ಮಾಡಿದ್ದೆ. ಅಳಿಸೋ ಹಂಗಿಲ್ಲ, ಇರ್ಲಿ ಬಿಡಿ.

ಬಾಯ್ಲರ್ ಬಸಣ್ಣ:
ನಾನೂ ಫಿಟ್ಟರ್ ತಲೆ ಅಂತ ಹೊಗಳ್ದೆ ತಾಯಿ. ತಲೆ ಹೊಗಳಿದ್ದು, ಆಳನ್ನಲ್ಲ. ಆದ್ರೂ ಬರ್ಯೋವಾಗ ಎಲ್ಲೋ ಖುಸಿ ಆಗಿತ್ತು ನಂಗೆ, ಸುಳ್ಳು ಹೇಳಲ್ಲ.

ಕಾಫಿಪುಡಿ:
ಬೊಮ್ಮನಹಳ್ಳಿಯವರೇ, ನಾನು ಆಗ ಬಿಟಿಎಂನಲ್ಲಿದ್ದೆ. ಆ ವಾರ ನನಗೆ ನೆನಪಿರೋದು ಟ್ರಾಫಿಕ್ ಚೆಕಿಂಗ್‌ಗೆ ಆಫೀಸಿಗೆ ಲೇಟಾಗಿದ್ದು ಮಾತ್ರ. ಇನ್ನೇನೂ ನೆನಪಿಲ್ಲ.

ಕಡ್ಲಕರೆಯವ:
ಒಂದು ಸಣ್ಣ ವಿಷಯ. ಸ್ಟಿಲ್ಲರ್ ಡ್ಯಾನಮೋರಾ ಊರಿನಲ್ಲೇ, ಅದೇ ಗೋಡೆಯ ಪಕ್ಕದಲ್ಲೇ ಚಿತ್ರೀಕರಣ ಮಾಡಿದ್ದಾನೆ. ಸರ್ಕಾರದ ಒಪ್ಪಿಗೆ ಪಡೆದು ಜೈಲಿನ ಒಳಗೂ ಸ್ವಲ್ಪ ತೆಗೆದಿದ್ದಾನೆ. ಆ ಬೀದಿಯನ್ನು ನೋಡಿ: ಒಂದು ಬದಿಗೆ ಮನೆಗಳು, ಅಂಗಡಿ, ಇನ್ನೊಂದು ಬದಿಗೆ ಆ ಎತ್ತರದ ಗೋಡೆ. ಹುಡುಗರು ಸೈಕಲ್ ಹೊಡೆಯುವುದು ಗೋಡೆಯ ನೆರಳಿನಲ್ಲಿ. ಆ ಊರಿನವರಿಗೆ ಅಷ್ಟು ವರ್ಷ ಹೆದರಿಕೆಯೇ ಆಗಿರಲಿಲ್ಲವಂತೆ. ಯಾಕೆಂದರೆ ಅಲ್ಲಿಂದ ಹಾಗೆ ಯಾರೂ ಹೊರಗೆ ಬಂದದ್ದೇ ಇಲ್ಲ. ನನ್ನ ಸಿಟ್ಟು ಇಳಿದಿಲ್ಲ, ಆದರೆ ಮೋಸ ಎನ್ನುವ ಶಬ್ದ ವಾಪಸ್ ತೆಗೊಂಡೆ. ‘ಚಾಲಾಕಿ’ ಎಂದು ಇಟ್ಟುಕೊಳ್ಳಿ.

ವಾರ್ಡರ್ ಮಗ:
ನಿನ್ನೆ ರಾತ್ರಿ ಅಪ್ಪಾರ್ನ ಕೂಡಿಸಿ ಐದು ಮತ್ತ ಆರು ಎರಡೂ ತೋರಿಸಿದೆ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟ, ನಾ ಹೇಳ್ಕೋಂತ ಹೋದೆ.

ಆ ಒಂಬತ್ತು ನಿಮಿಷದ ಶಾಟ್ ನೀವೆಲ್ಲಾ ಉಸರ ಬಿಗಿ ಹಿಡದು ನೋಡಿದ್ರೆಲ್ಲಾ, ಅಪ್ಪಾರು ಸ್ವೆಟ್‌ನ್ನ ನೋಡ್ಲೇ ಇಲ್ಲ. “ಹಾಸಗಿ ತೋರಸ್ಲಿಲ್ಲಲ್ಲೋ. ರಾತ್ರಿ ಎಣಿಕಿ ಯಾರ್ದು?” ಅಂದ್ರು. ಬಟ್ಟಿ ಗಂಟ ಇಟ್ಟಾರ ಅಂದೆ. “ಹೊದಿಕಿ ಎತ್ತಿ ನೋಡಬೇಕು. ಉಸರಾಡ್ತಾನೋ ಇಲ್ಲೋ ನೋಡಬೇಕು. ತಲಿ ಎಣಿಸೂದಲ್ಲ, ಉಸರ ಎಣಿಸೂದು” ಅಂತ ಮೂರು ಸಲಾ ಅಂದ್ರು. ಅವನು ಪೈಪಿನ್ಯಾಗ ತೆವಳಾಕತ್ತಾನ, ಇವರು ಅಲ್ಲೇ ಬ್ಯಾರಕ್‌ನ್ಯಾಗ ನಿಂತಾರ.

ಆರನೇದು ಸುಮ್ನ ನೋಡಿದ್ರು. ಪಾರ್ಕಿನ ಸೀನ್ ಮುಗದ ಮ್ಯಾಲ ನಿಲ್ಲಸಾಕ ಹೇಳಿದ್ರು. ನೀರ ಕುಡದ್ರು. “ಆ ಹುಡುಗನ ಹೆಸರೇನಂದಿ?” ಅಂದ್ರು. ಕೆವಿನ್ ಟಾರ್ಸಿಯಾ ಅಂದೆ. ಇನ್ನೊಮ್ಮೆ ಹೇಳು ಅಂದ್ರು, ಹೇಳಿದೆ. ಅವರ ಬಾಯಾಗ ಅದು ‘ತಾರಸಿ’ ಆತು.

ಏಳನೇದು ಹಚ್ಚಲೇನ್ ಅಂತ ಕೇಳಿದೆ. “ಅವ ಸಿಗತಾನಲ್ಲಾ? ಗೊತ್ತಾತು, ಬಿಡು” ಅಂದು ಎದ್ದು ಹೋಗಿ ಮಲಗಿದ್ರು.

ಕಡ್ಲಕರೆಯವ:
ಏಳನೆಯದು ಒಂದೂವರೆ ಗಂಟೆಗೂ ಹೆಚ್ಚು ಉಂಟು. ತೋರಿಸುವುದಾದರೆ ಹಗಲಲ್ಲಿ ತೋರಿಸಿ ಮಾರಾಯ್ರೆ, ಅವರಿಗೆ ನಿದ್ದೆ ಕೆಡುವುದು ಬೇಡ.